ಒಂದೇ ತಂತಿ, ಡೌನ್‌ಲೋಡ್ ಓಡುತ್ತದೆ, ಅಪ್‌ಲೋಡ್ ಯಾಕೆ ತೆವಳುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಕೇಬಲ್ ಬ್ರಾಡ್‌ಬ್ಯಾಂಡ್ ಇದೆ. ಸ್ಪೀಡ್ ಟೆಸ್ಟ್ ಮಾಡಿದರೆ ಡೌನ್‌ಲೋಡ್ 300 ತೋರಿಸುತ್ತದೆ, ಅಪ್‌ಲೋಡ್ ಮಾತ್ರ 10 ದಾಟುವುದಿಲ್ಲ. ತಂತಿ ಒಂದೇ ಅಲ್ವಾ? ಬರುವಾಗ ಅಷ್ಟು ಜೋರು, ಹೋಗುವಾಗ ಯಾಕೆ ಇಷ್ಟು ನಿಧಾನ? ಹೊಸ ಮೋಡೆಮ್ ಹಾಕಿದರೆ ಸರಿಹೋಗುತ್ತದಾ?

ಉತ್ತರ: ತಂತಿ ಒಂದೇ, ನಿಜ. ಆದರೆ ಅದನ್ನು ಎಳೆದದ್ದು ನಮಗೆ ಟಿವಿ ತೋರಿಸುವುದಕ್ಕೆ, ನಮ್ಮ ಮಾತು ಕೇಳಿಸಿಕೊಳ್ಳುವುದಕ್ಕಲ್ಲ. ಆ ತಂತಿಗೆ ಬಾಯಿ ಬರಿಸುವ ಕೆಲಸ ಆಮೇಲೆ ಶುರುವಾಯಿತು, ಇನ್ನೂ ನಡೆದೇ ಇದೆ. ಮೋಡೆಮ್ ವಿಷಯ ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ತಂತಿಯೊಳಗೆ ಏನಿದೆ ನೋಡೋಣ.

ಈ ಕೇಬಲ್ಲಿನ ಒಂದು ತುಂಡನ್ನು ಅಡ್ಡಕ್ಕೆ ಕತ್ತರಿಸಿದರೆ ನಡುವೆ ಒಂದೇ ಒಂದು ಲೋಹದ ಎಳೆ ಕಾಣುತ್ತದೆ. ಅದರ ಸುತ್ತ ಬಿಳಿ ಫೋಮ್, ಅದರ ಮೇಲೆ ಹೊಳೆಯುವ ಹಾಳೆ, ಆಮೇಲೆ ಹೆಣೆದ ಜಾಲರಿ, ಹೊರಗೆ ಪ್ಲಾಸ್ಟಿಕ್. ಸಿಗ್ನಲ್ ಓಡಾಡುವುದು ನಡುವಿನ ಎಳೆಗೂ ಸುತ್ತಲಿನ ಜಾಲರಿಗೂ ಮಧ್ಯೆ. ಹೊರಗಿನ ಗಲಾಟೆ ಒಳಗೆ ಬರದ ಹಾಗೆ ಜಾಲರಿ ತಡೆಯುತ್ತದೆ. ಈ ಉಪಾಯಕ್ಕೆ ಆಲಿವರ್ ಹೆವಿಸೈಡ್ ಅನ್ನುವ ಎಂಜಿನಿಯರ್ 1880ರಲ್ಲೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದರು. ಇವತ್ತಿನ ಗಿಗಾಬಿಟ್ ಓಡುವುದೂ ಅದೇ ಉಪಾಯದ ಮೇಲೆ.

ಟಿವಿಗಾಗಿ ಇದನ್ನು ಊರೂರಿಗೆ ಎಳೆಯಲು ಶುರು ಮಾಡಿದ್ದು 1948ರ ಸುಮಾರಿಗೆ, ಅಮೆರಿಕದ ಪೆನ್ಸಿಲ್ವೇನಿಯಾ, ಆರೆಗಾನ್‌ನಂಥ ಕಡೆ. ಬೆಟ್ಟದ ಮರೆಯಲ್ಲಿದ್ದ ಊರುಗಳಿಗೆ ಟಿವಿ ಸಿಗ್ನಲ್ ತಲುಪುತ್ತಿರಲಿಲ್ಲ. ಎತ್ತರದ ಜಾಗದಲ್ಲಿ ದೊಡ್ಡ ಆಂಟೆನಾ ನೆಟ್ಟು, ಅಲ್ಲಿಂದ ಮನೆಮನೆಗೆ ತಂತಿ ಬಿಟ್ಟರು. ದಾರಿಯಲ್ಲಿ ಸಿಗ್ನಲ್ ಸೊರಗುತ್ತಿತ್ತು, ಅದಕ್ಕೆ ಅಲ್ಲಲ್ಲಿ ಆಂಪ್ಲಿಫೈಯರ್ ಕೂರಿಸಿದರು. ಎಲ್ಲವೂ ಒಂದೇ ದಿಕ್ಕಿಗೆ, ಮೇಲಿಂದ ಕೆಳಕ್ಕೆ. ಮನೆಯಿಂದ ವಾಪಸ್ ಕಳಿಸುವುದಕ್ಕೆ ಆಗ ಏನಿತ್ತು?

ಮುಂದೆ ವಾಪಸ್ ಕಳಿಸುವ ಅಗತ್ಯ ಬಂದಾಗ ಜಾಗ ಹುಡುಕಬೇಕಾಯಿತು. ಜಾಗ ಅಂದರೆ ಫ್ರೀಕ್ವೆನ್ಸಿ: ಒಂದೇ ತಂತಿಯಲ್ಲಿ ಹಲವು ಸಿಗ್ನಲ್ ಕಲಸಿಹೋಗದೆ ಓಡುವುದು ಒಂದೊಂದಕ್ಕೂ ಬೇರೆ ಫ್ರೀಕ್ವೆನ್ಸಿ ಕೊಟ್ಟಿದ್ದಕ್ಕೆ. ಅದರ ಅಳತೆ ಮೆಗಾಹರ್ಟ್ಸ್, ಅಗಲ ಜಾಸ್ತಿ ಸಿಕ್ಕಷ್ಟೂ ಡೇಟಾ ಜಾಸ್ತಿ ಹಿಡಿಯುತ್ತದೆ. ಉತ್ತರ ಅಮೆರಿಕದಲ್ಲಿ ಟಿವಿ ಚಾನೆಲ್‌ಗಳು 54 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತಿದ್ದವು. ಅದರ ಕೆಳಗೆ ಒಂದಿಷ್ಟು ಖಾಲಿ ಇತ್ತು. 5ರಿಂದ 42 ಮೆಗಾಹರ್ಟ್ಸ್ ನಿಮಗೆ ಅಂದರು. ಯುರೋಪಿನಲ್ಲಿ ಸ್ವಲ್ಪ ಧಾರಾಳ, 65ರವರೆಗೆ. ಲೆಕ್ಕ ಹಾಕಿ ನೋಡಿ. ಕೆಳಕ್ಕೆ ಬರುವುದಕ್ಕೆ 54ರಿಂದ 1002 ಮೆಗಾಹರ್ಟ್ಸ್, ಅಂದರೆ 948. ಮೇಲಕ್ಕೆ ಹೋಗುವುದಕ್ಕೆ 37. ಇಪ್ಪತ್ತೈದು ಪಾಲಿಗೆ ಒಂದು ಪಾಲು. ನಿಮ್ಮ 300ಕ್ಕೆ 10ರ ಗುಟ್ಟು ಹೆಚ್ಚುಕಡಿಮೆ ಇಲ್ಲೇ ಇದೆ.

ಸಿಕ್ಕ ಆ ಚೂರು ಜಾಗವಾದರೂ ಚೆನ್ನಾಗಿದೆಯಾ ಅಂದರೆ ಅದೂ ಇಲ್ಲ. ಮೋಟಾರುಗಳ ಕಿಡಿ, ಶಾರ್ಟ್‌ವೇವ್ ರೇಡಿಯೋ, ಕೆಟ್ಟ ಚಾರ್ಜರ್‌ಗಳ ಗೊರಗೊರ ಎಲ್ಲ ಸೇರುವುದು ಈ ಕೆಳಗಿನ ಫ್ರೀಕ್ವೆನ್ಸಿಗಳಲ್ಲೇ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದನ್ನು ನಾವು ಒಳ್ಳೆಯ ಅರ್ಥದಲ್ಲಿ ಹೇಳುತ್ತೇವೆ. ಕೇಬಲ್ ಎಂಜಿನಿಯರಿಗೆ ಮಾತ್ರ ಅದೇ ತಲೆನೋವು. ಕೆಳಕ್ಕೆ ಬರುವ ಸಿಗ್ನಲ್ ಒಂದು ಕಡೆಯಿಂದ ಹೊರಟು ನೂರಾರು ಮನೆಗೆ ಹರಡುತ್ತದೆ, ನಿಮ್ಮ ಮನೆಯ ತಂತಿ ಕೆಟ್ಟರೆ ಕೆಡುವುದು ನಿಮ್ಮ ಟಿವಿ ಮಾತ್ರ. ಮೇಲಕ್ಕೆ ಹೋಗುವಾಗ ನೂರಾರು ಮನೆಯ ಸಿಗ್ನಲ್ ಒಂದೇ ಕಡೆ ಕೂಡುತ್ತದೆ, ಜೊತೆಗೆ ನೂರಾರು ಮನೆಯ ಕಸವೂ. ಯಾರೋ ಒಬ್ಬರ ಮನೆಯಲ್ಲಿ ಸಡಿಲ ಕನೆಕ್ಟರ್ ಇದ್ದರೆ ಸಾಕು, ಇಡೀ ಬೀದಿಯ ಅಪ್‌ಲೋಡ್ ಮುಗ್ಗರಿಸುತ್ತದೆ.

ಹಾಗಾದರೆ ಈ ಜಾಗವನ್ನು ಅಗಲ ಮಾಡಿಬಿಡಬಾರದಾ? ಮಾಡಬಹುದು, ಮಾಡುತ್ತಲೂ ಇದ್ದಾರೆ. 85 ಮೆಗಾಹರ್ಟ್ಸ್‌ವರೆಗೆ ಏರಿಸಿದರೆ ಮಿಡ್ ಸ್ಪ್ಲಿಟ್, 204ರವರೆಗೆ ಏರಿಸಿದರೆ ಹೈ ಸ್ಪ್ಲಿಟ್ ಅನ್ನುತ್ತಾರೆ. ಆದರೆ ದಾರಿಯ ಪ್ರತಿ ಆಂಪ್ಲಿಫೈಯರ್ ಒಳಗೂ 'ಇಷ್ಟರ ಕೆಳಗಿನದು ಮೇಲಕ್ಕೆ, ಇಷ್ಟರ ಮೇಲಿನದು ಕೆಳಕ್ಕೆ' ಅಂತ ಬೇರ್ಪಡಿಸುವ ಫಿಲ್ಟರ್ ಕೂತಿರುತ್ತದೆ. ಗೆರೆ ಸರಿಸಬೇಕಾದರೆ ಆ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಬೇಕು. ಕೆಳಗಿನ ಟಿವಿ ಚಾನೆಲ್‌ಗಳಿಗೆ ಬೇರೆ ಜಾಗ ತೋರಿಸಬೇಕು. ಕಂಪನಿಗಳು ಮೀನಮೇಷ ಎಣಿಸುವುದು ಸುಮ್ನೆ ಅಲ್ಲ.

ಅದಕ್ಕೇ ಎಷ್ಟೋ ವರ್ಷ ಸಂಶೋಧಕರು ಬೇರೆ ದಾರಿ ಹಿಡಿದರು. ಇರುವ ಜಾಗದಲ್ಲೇ ಜಾಸ್ತಿ ತುರುಕುವುದು ಹೇಗೆ?

ಮೊದಲು ಎಲ್ಲರೂ ಒಂದೇ ಭಾಷೆ ಆಡಬೇಕಿತ್ತು. ತೊಂಬತ್ತರ ದಶಕದಲ್ಲಿ ಒಂದು ಕಂಪನಿಯ ಮೋಡೆಮ್ ಇನ್ನೊಂದು ಕಂಪನಿಯ ಯಂತ್ರದ ಜೊತೆ ಮಾತಾಡುತ್ತಿರಲಿಲ್ಲ. 1997ರಲ್ಲಿ ಡಾಕ್ಸಿಸ್ ಅನ್ನುವ ಪ್ರಮಾಣಿತ ನಿಯಮಾವಳಿ ಬಂದ ಮೇಲೆ ಆ ರಗಳೆ ತೀರಿತು. 2006ರ ಡಾಕ್ಸಿಸ್ 3.0 ಹಲವು ಚಾನೆಲ್‌ಗಳನ್ನು ಒಟ್ಟಿಗೆ ಕಟ್ಟಿ ಒಂದು ದೊಡ್ಡ ಕೊಳವೆಯ ಹಾಗೆ ಬಳಸುವುದನ್ನು ತಂದಿತು. ನಿಜವಾದ ಜಿಗಿತ 2013ರ 3.1ರದು. ಅಗಲವಾದ ಚಾನೆಲ್ಲಿನ ಬದಲು ಸಾವಿರಾರು ಸಣ್ಣ ಸಣ್ಣ ಎಳೆಗಳಲ್ಲಿ ಡೇಟಾ ಹಂಚುವುದು ಅದರ ಕ್ರಮ. ಒಂದೊಂದು ಎಳೆಯ ಅಗಲ 25 ಅಥವಾ 50 ಕಿಲೋಹರ್ಟ್ಸ್ ಅಷ್ಟೇ. ಗಲಾಟೆ ಇರುವ ಎಳೆಯಲ್ಲಿ ಕಡಿಮೆ ತುಂಬುತ್ತಾರೆ, ಶಾಂತವಾಗಿರುವ ಎಳೆಯಲ್ಲಿ ಗಿಡಿಯುತ್ತಾರೆ. ಮೊದಲು ಡೌನ್‌ಲೋಡಿನ ಒಂದೊಂದು ಸಂಕೇತಕ್ಕೆ 8 ಬಿಟ್ ಕಟ್ಟುತ್ತಿದ್ದರು, 3.1ರಲ್ಲಿ ಅದು 12ರವರೆಗೆ ಹೋಯಿತು.

ಇಷ್ಟು ಗಿಡಿದರೆ ತಪ್ಪುಗಳು ಆಗದೆ ಇರುತ್ತವಾ? ಆಗುತ್ತವೆ. ಅವನ್ನು ತಿದ್ದುವುದಕ್ಕೆ 3.1 ಬಳಸುವ ಗಣಿತ ಎಲ್‌ಡಿಪಿಸಿ ಕೋಡ್. ಅದನ್ನು ರಾಬರ್ಟ್ ಗ್ಯಾಲಗರ್ ಎಂಬುವರು 1960ರ ಆಸುಪಾಸಿನಲ್ಲಿ ತಮ್ಮ ಪಿಎಚ್‌ಡಿಗಾಗಿ ಕಂಡುಹಿಡಿದಿದ್ದರು. ಅಂದಿನ ಕಂಪ್ಯೂಟರುಗಳಿಗೆ ಅದು ಹೊರಲಾರದ ಹೊರೆ. ಹೀಗಾಗಿ ಮೂರು ದಶಕ ಹೆಚ್ಚಿನವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ತೊಂಬತ್ತರ ದಶಕದಲ್ಲಿ ಧೂಳು ಕೊಡವಿ ಎತ್ತಿಕೊಂಡರು. ನಿಮ್ಮ ಕಪಾಟಿನ ಮೇಲಿನ ಮೋಡೆಮ್ ಈ ಹೊತ್ತು ಅದನ್ನೇ ಲೆಕ್ಕ ಹಾಕುತ್ತಿರಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಲ್ಪನೆ ಮಾತ್ರ ಬೇರೆ. ಅದನ್ನು ಪ್ರೀ-ಈಕ್ವಲೈಸೇಷನ್ ಅನ್ನುತ್ತಾರೆ. ಕೇಬಲ್ಲಿನಲ್ಲಿ ಎಲ್ಲೋ ಜಜ್ಜಿಹೋಗಿದ್ದರೆ, ನೀರು ಹೊಕ್ಕಿದ್ದರೆ, ಸಿಗ್ನಲ್ಲಿನ ಒಂದು ಪಾಲು ಅಲ್ಲಿಗೆ ತಾಗಿ ಹಿಂದಕ್ಕೆ ಪುಟಿಯುತ್ತದೆ. ಹಿಂದೆ ಇನ್ನೊಂದು ಕೆಟ್ಟ ಜಾಗ ಇದ್ದರೆ ಅಲ್ಲಿ ತಾಗಿ ಮತ್ತೆ ಮುಂದಕ್ಕೆ. ಹೀಗೆ ಅಸಲಿ ಸಿಗ್ನಲ್ ಹಿಂದೆಯೇ ಅದರ ಮಂದ ಪ್ರತಿಧ್ವನಿಯೂ ತಲುಪಿ ಎಲ್ಲ ಕಲಸಿಹೋಗುತ್ತದೆ. ಮೋಡೆಮ್ ಏನು ಮಾಡುತ್ತದೆ ಅಂದರೆ, ದಾರಿ ತನ್ನ ಸಿಗ್ನಲ್ಲನ್ನು ಹೇಗೆ ಕೆಡಿಸುತ್ತದೆ ಅಂತ ತಿಳಿದುಕೊಂಡು, ಮೊದಲೇ ಅದಕ್ಕೆ ಉಲ್ಟಾ ಕೆಡಿಸಿ ಕಳಿಸುತ್ತದೆ. ದಾರಿಯ ಕೇಡೂ ಮೋಡೆಮಿನ ಕೇಡೂ ಒಂದನ್ನೊಂದು ಅಳಿಸಿ, ತಲುಪುವ ಹೊತ್ತಿಗೆ ಸಿಗ್ನಲ್ ನೆಟ್ಟಗಾಗಿರುತ್ತದೆ.

ಆಮೇಲೆ ಯಾರಿಗೋ ಹೊಳೆಯಿತು: ಮೋಡೆಮ್ ಎಷ್ಟು ಉಲ್ಟಾ ಕೆಡಿಸುತ್ತಿದೆ ಅಂತ ಓದಿದರೆ ತಂತಿ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುತ್ತದಲ್ಲ! ಕೇಬಲ್ಲಿನಲ್ಲಿ ಸಿಗ್ನಲ್ ಒಂದು ನ್ಯಾನೊಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ಓಡುತ್ತದೆ. ಪ್ರತಿಧ್ವನಿ 200 ನ್ಯಾನೊಸೆಕೆಂಡ್ ತಡವಾಗಿ ಬಂದರೆ ಅದು 50 ಮೀಟರ್ ಜಾಸ್ತಿ ನಡೆದಿದೆ. ಹೋಗಿ ಬರುವ ಲೆಕ್ಕ, ಹಾಗಾಗಿ ಕೆಟ್ಟ ಎರಡು ಜಾಗಗಳ ನಡುವೆ 25 ಮೀಟರ್. ಒಂದೇ ಸಾಲಿನ ನಾಲ್ಕು ಮೋಡೆಮ್‌ಗಳು ಅದೇ ಸಂಖ್ಯೆ ಹೇಳಿದರೆ ತಪ್ಪು ಯಾರ ಮನೆಯೊಳಗೂ ಇಲ್ಲ, ಬೀದಿಯ ತಂತಿಯಲ್ಲಿದೆ. ನೀವು ದೂರು ಕೊಡುವ ಮುಂಚೆಯೇ ಕಂಪನಿ ಬಂದು ಸರಿಮಾಡಬಹುದು. ಮಾಡಬಹುದು ಅಂದೆ, ಮಾಡುತ್ತಾರೆ ಅನ್ನಲಿಲ್ಲ.

ಈಗ 'ಜಾಗ ಹಂಚುವುದೇ ಬೇಡ' ಅನ್ನುವ ಉಪಾಯಕ್ಕೆ ಬರೋಣ. ಹೆಸರು ಫುಲ್ ಡ್ಯೂಪ್ಲೆಕ್ಸ್, ಡಾಕ್ಸಿಸ್ 4.0ರ ಒಂದು ಭಾಗ. 108ರಿಂದ 684 ಮೆಗಾಹರ್ಟ್ಸ್ ನಡುವೆ ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಹೊತ್ತಿಗೆ ಡೇಟಾ ಕೆಳಕ್ಕೂ ಬರುತ್ತದೆ, ಮೇಲಕ್ಕೂ ಹೋಗುತ್ತದೆ. ಕಿರುಚುತ್ತಲೇ ಎದುರಿನವರ ಪಿಸುಮಾತು ಕೇಳಿಸಿಕೊಳ್ಳುವ ಹಾಗೆ. ಸಾಧ್ಯವಾ? ಬೀದಿಯ ಮನೆಗಳ ತಂತಿಗಳೆಲ್ಲ ಹೋಗಿ ಸೇರುವ ನೋಡ್ ಪೆಟ್ಟಿಗೆಗೆ ತಾನು ಏನು ಕಿರುಚಿದೆ ಅಂತ ಅಕ್ಷರಕ್ಷರ ಗೊತ್ತಿರುತ್ತದೆ. ಕಿವಿಗೆ ಬಿದ್ದದ್ದರಲ್ಲಿ ತನ್ನ ದನಿಯನ್ನೂ ಅದರ ಪ್ರತಿಧ್ವನಿಗಳನ್ನೂ ಕಳೆದುಬಿಟ್ಟರೆ ಉಳಿಯುವುದು ಪಿಸುಮಾತು. ಸ್ಪೀಕರ್‌ಫೋನ್ ನಿಮ್ಮ ದನಿ ನಿಮಗೇ ಮರಳದಂತೆ ತಡೆಯುವುದೂ ಇದೇ ರೀತಿ. ಇಲ್ಲಿ ಮಾತ್ರ ತುಂಬಾ ನಾಜೂಕಿನ ಕೆಲಸ. ಬಿಸಿಲೇರಿದರೆ ತಂತಿ ಹಿಗ್ಗುತ್ತದೆ, ಪ್ರತಿಧ್ವನಿ ಬದಲಾಗುತ್ತದೆ. ಪದೇ ಪದೇ ಹೊಸದಾಗಿ ಲೆಕ್ಕ ಹಾಕುತ್ತಲೇ ಇರಬೇಕು.

ಇನ್ನೊಂದು ತೊಡಕಿದೆ. ನೋಡ್ ತನ್ನ ದನಿ ಕಳೆದುಕೊಳ್ಳಬಹುದು, ಪಕ್ಕದ ಮನೆಯ ಮೋಡೆಮ್ ಕಿರುಚಿದರೆ ನಿಮ್ಮ ಮೋಡೆಮ್ ಏನು ಮಾಡಬೇಕು? ಅದು ಏನು ಕಿರುಚುತ್ತದೆ ಅಂತ ನಿಮ್ಮದಕ್ಕೆ ಮೊದಲೇ ಗೊತ್ತಿರುವುದಿಲ್ಲ. ಅದಕ್ಕೆ ವ್ಯವಸ್ಥೆ ಮೊದಲು ಒಂದೊಂದು ಮೋಡೆಮಿಗೂ ಕೂಗಿಸಿ, ಯಾರಿಗೆ ಯಾರ ದನಿ ಕೇಳುತ್ತದೆ ಅಂತ ಪಟ್ಟಿ ಮಾಡುತ್ತದೆ. ಒಬ್ಬರಿಗೊಬ್ಬರು ಕೇಳಿಸುವವರನ್ನು ಒಂದು ಗುಂಪಿಗೆ ಹಾಕುತ್ತದೆ. ಗುಂಪಿನಲ್ಲಿ ಒಬ್ಬರು ಕಳಿಸುವಾಗ ಇನ್ನೊಬ್ಬರಿಗೆ ಅದೇ ಫ್ರೀಕ್ವೆನ್ಸಿಯಲ್ಲಿ ಏನೂ ಬರದ ಹಾಗೆ ನೋಡಿಕೊಳ್ಳುತ್ತದೆ. 4.0ರ ಗುರಿ ಕೆಳಕ್ಕೆ ಸೆಕೆಂಡಿಗೆ 10 ಗಿಗಾಬಿಟ್, ಮೇಲಕ್ಕೆ 6. ಅದೇ 4.0ರಲ್ಲಿ ಇನ್ನೊಂದು ದಾರಿಯೂ ಇದೆ: ತಂತಿಯ ಬಳಕೆಯನ್ನು ಸುಮಾರು 1.8 ಗಿಗಾಹರ್ಟ್ಸ್‌ವರೆಗೆ ಚಾಚಿ, ಕೆಳಗಿನ ದೊಡ್ಡ ಪಾಲನ್ನು ಅಪ್‌ಲೋಡಿಗೆ ಬಿಟ್ಟುಕೊಡುವುದು. ಅಷ್ಟು ಜಾಣತನ ಅದರಲ್ಲಿ ಇಲ್ಲ, ಆದರೆ ಒಪ್ಪಿಕೊಳ್ಳುವುದು ಸುಲಭ.

ಸ್ಪೀಡ್ ಒಂದೇ ನೋಡಬೇಡಿ. ಮನೆಯಲ್ಲಿ ಯಾರೋ ಫೋಟೊಗಳನ್ನು ಅಪ್‌ಲೋಡ್ ಮಾಡಲು ಕೂತ ಕೂಡಲೇ ನಿಮ್ಮ ವಿಡಿಯೊ ಕಾಲ್ ತೊದಲುತ್ತದೆ ಅಲ್ವಾ? ಅಪ್‌ಲೋಡ್ ಸೆಕೆಂಡಿಗೆ 10 ಮೆಗಾಬಿಟ್ ಇದ್ದು, ಮೋಡೆಮಿನೊಳಗೆ ಒಂದು ಮೆಗಾಬೈಟ್ ಕಾದು ನಿಂತಿದ್ದರೆ, ಸಾಲು ಕರಗುವುದಕ್ಕೆ 0.8 ಸೆಕೆಂಡ್ ಬೇಕು. ನಿಮ್ಮ ಮಾತು ಆ ಸಾಲಿನ ಬಾಲದಲ್ಲಿ. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಡಾಕ್ಸಿಸ್ 3.1 ಮೋಡೆಮ್‌ಗಳು ಸಾಲು ಉದ್ದವಾಗುವ ಸೂಚನೆ ಕಂಡ ಕೂಡಲೇ ಒಂದೆರಡು ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಬೇಕೆಂದೇ ಬಿಸಾಡುತ್ತವೆ. ಕಳಿಸುವ ಕಂಪ್ಯೂಟರ್ ಅದನ್ನು ಗಮನಿಸಿ ವೇಗ ತಗ್ಗಿಸುತ್ತದೆ. ಕಾಯುವ ಹೊತ್ತು 10 ಮಿಲಿಸೆಕೆಂಡ್ ಆಸುಪಾಸಿನಲ್ಲಿ ನಿಲ್ಲಲಿ ಅನ್ನುವುದು ಗುರಿ. ಬಿಸಾಡಿದರೆ ಚೆನ್ನಾಗುತ್ತದೆ ಅನ್ನುವುದು ಮೊದಲ ಸಲ ಕೇಳಿದಾಗ ನನಗೂ ವಿಚಿತ್ರ ಅನ್ನಿಸಿತ್ತು.

ಸರಿ, ಹೊಸ ಮೋಡೆಮ್. ತರುವ ಮೊದಲು ಇರುವುದನ್ನೇ ಕೇಳಿ. ಬ್ರೌಸರಿನಲ್ಲಿ 192.168.100.1 ಅಂತ ಬರೆದರೆ ಹೆಚ್ಚಿನ ಕೇಬಲ್ ಮೋಡೆಮ್‌ಗಳು ತಮ್ಮ ಪುಟ ತೋರಿಸುತ್ತವೆ. ಅಪ್‌ಸ್ಟ್ರೀಮ್ ಪಟ್ಟಿಯಲ್ಲಿ ಫ್ರೀಕ್ವೆನ್ಸಿ ನೋಡಿ. ಎಲ್ಲವೂ 42ರ ಕೆಳಗೇ ಇದ್ದರೆ, ಯುರೋಪಿನ ಪದ್ಧತಿಯಲ್ಲಾದರೆ 65ರ ಕೆಳಗೇ ಇದ್ದರೆ, ಬಹುಶಃ ನಿಮ್ಮ ಬೀದಿಯಲ್ಲಿ ಗೆರೆ ಇನ್ನೂ ಸರಿದಿಲ್ಲ. ಹಾಗಿದ್ದಾಗ 4.0 ಮೋಡೆಮ್ ತಂದಿಟ್ಟರೂ ಕಿರಿದಾದ ಜಾಗ ಅಗಲವಾಗುವುದಿಲ್ಲ. ಗೆರೆ ಸರಿದಿದೆ ಅಂತ ಕಂಪನಿ ಹೇಳಿ, ನಿಮ್ಮ ಮೋಡೆಮ್ ಹಳೆಯ 3.0 ಆಗಿದ್ದರೆ ಬದಲಾಯಿಸುವುದರಲ್ಲಿ ಅರ್ಥವಿದೆ.

ಅದೇ ಪುಟದಲ್ಲಿ ಅಪ್‌ಸ್ಟ್ರೀಮ್ ಪವರ್ ಅಂತ ಒಂದು ಸಂಖ್ಯೆ ಇರುತ್ತದೆ, ಮೋಡೆಮ್ ಎಷ್ಟು ಜೋರಾಗಿ ಕಳಿಸುತ್ತಿದೆ ಅನ್ನುವ ಅಳತೆ. 35ರಿಂದ 50 ಡಿಬಿಎಂವಿ ಒಳಗಿದ್ದರೆ ಸಾಮಾನ್ಯ. ಅದಕ್ಕಿಂತ ಮೇಲೆ ಅಂದರೆ ಮೋಡೆಮ್ ಗಂಟಲು ಹರಿದುಕೊಂಡು ಕೂಗುತ್ತಿದೆ. ನನ್ನದು ಒಮ್ಮೆ 53 ತೋರಿಸುತ್ತಿತ್ತು. ಕಾಲ್ ಕಟ್ಟಾಗುತ್ತಿತ್ತು. ಕಂಪನಿಯವರು ಮೂರು ಸಲ ಫೋನಿನಲ್ಲೇ 'ನಮ್ಮ ಕಡೆ ಎಲ್ಲ ಸರಿಯಾಗಿದೆ ಸರ್' ಅಂದರು. ನಾಲ್ಕನೇ ಸಲ ಬಂದ ತಂತ್ರಜ್ಞ ಸ್ಪೀಡ್ ಟೆಸ್ಟ್ ಕಡೆ ನೋಡಲೇ ಇಲ್ಲ. ನೇರ ಟಿವಿ ಸ್ಟ್ಯಾಂಡಿನ ಹಿಂದೆ ಕೈ ಹಾಕಿದ. ಅಲ್ಲಿ ತಂತಿಯನ್ನು ಕವಲೊಡೆಸುವ ಸ್ಪ್ಲಿಟರ್, ಒಂದರ ಹಿಂದೆ ಒಂದು ಎರಡು, ಎಂದೋ ತೆಗೆದುಹಾಕಿದ ಟಿವಿಗಳಿಗೆ ಹಾಕಿದ್ದವು. ಸ್ಪ್ಲಿಟರ್ ಒಂದೊಂದೂ ಸುಮಾರು 3.5 ಡೆಸಿಬೆಲ್ ನುಂಗುತ್ತದೆ, ಅರ್ಧಕ್ಕಿಂತ ಜಾಸ್ತಿ ಶಕ್ತಿ ಅಲ್ಲೇ ಹೋಗುತ್ತದೆ. ಎರಡನ್ನೂ ಕಿತ್ತು, ತಂತಿಯನ್ನು ನೇರ ಮೋಡೆಮಿಗೆ ಕೊಟ್ಟು, ಕನೆಕ್ಟರನ್ನು ಸ್ಪ್ಯಾನರಿನಿಂದ ಕಾಲು ಸುತ್ತು ಬಿಗಿ ಮಾಡಿದ. ಪುಟ ರಿಫ್ರೆಶ್ ಮಾಡಿದರೆ 46. ಹೊರಡುವ ಮುಂಚೆ ಒಂದು ಮಾತು ಹೇಳಿದ: ಸ್ಪ್ಲಿಟರ್ ಇಟ್ಟುಕೊಳ್ಳಲೇಬೇಕಾದರೆ ಖಾಲಿ ಬಾಯಿ ತೆರೆದಿಡಬೇಡಿ, 75 ಓಮ್ ಟರ್ಮಿನೇಟರ್ ಮುಚ್ಚಳ ಹಾಕಿ. ಆ ತೆರೆದ ಬಾಯಿಂದ ಒಳಗೆ ಹೊಕ್ಕ ಕಸ ಅಕ್ಕಪಕ್ಕದವರ ಅಪ್‌ಲೋಡಿಗೂ ಹೋಗಿ ಸೇರುತ್ತದೆ, ಅವರು ಬೈಯುವುದು ಮಾತ್ರ ನನಗೆ.