ಹೊಸ ಹೆಡ್ ಗ್ಯಾಸ್ಕೆಟ್ ಮತ್ತೆ ಹೋಗುವುದೇಕೆ?

ಮೂರು ತಿಂಗಳ ಹಿಂದಷ್ಟೇ ಬೇರೆ ಕಡೆ ಹೆಡ್ ಗ್ಯಾಸ್ಕೆಟ್ ಹಾಕಿಸಿಕೊಂಡಿದ್ದ ಕಾರೊಂದು ನನ್ನ ಬಳಿ ಬಂತು. ಸಿಲಿಂಡರ್‌ಗಳಿರುವ ಬ್ಲಾಕ್ ಮತ್ತು ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್, ಇವೆರಡರ ನಡುವಿನ ತೆಳು ಸೀಲ್ ಅದು. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಕಡಿಮೆಯಾಗುತ್ತಿತ್ತು, ಹೊರಗೆ ಎಲ್ಲೂ ಸೋರಿಕೆಯಿಲ್ಲ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷವೂ ಆಗಿರಲಿಲ್ಲ, ರೇಡಿಯೇಟರ್‌ನ ಮೇಲಿನ ಹೋಸ್ ಹಿಸುಕಿದರೆ ಕಲ್ಲಿನಂತೆ ಗಟ್ಟಿ. ನೀರು ಬಿಸಿಯಾಗುವ ಮೊದಲೇ ಅಷ್ಟು ಒತ್ತಡ ಬರಬೇಕಾದರೆ ಅದು ಇಂಧನ ಉರಿಯುವ ಸಿಲಿಂಡರ್‌ನಿಂದಲೇ ಬರಬೇಕು.

ಹೆಡ್ ಬಿಚ್ಚಿದೆ. ಮೂರು ಪಿಸ್ಟನ್‌ಗಳ ತಲೆ ಮಸಿ ಹಿಡಿದಿತ್ತು, ಎರಡನೆಯದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಒಳಗೆ ಸೇರಿದ ಕೂಲಂಟ್ ಆವಿಯಾಗಿ ಮಸಿಯನ್ನೆಲ್ಲ ಕಿತ್ತು ಒಯ್ದಿತ್ತು. ಹೆಡ್ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟರೆ ಅದೇ ಜಾಗದಲ್ಲಿ ಸಂದು ಅಳೆಯುವ 0.15 ಮಿ.ಮೀ. ಫೀಲರ್ ಗೇಜ್ ಸಲೀಸಾಗಿ ಒಳಹೋಯಿತು. ಬಹಳಷ್ಟು ಎಂಜಿನ್‌ಗಳಲ್ಲಿ ಒಪ್ಪಿಗೆಯಿರುವ ಬಾಗು 0.05ರಿಂದ 0.1 ಮಿ.ಮೀ. ಅಷ್ಟೆ. ಇನ್ನು ಹೆಡ್ ಬಾಗಿದ್ದೇಕೆ? ರೇಡಿಯೇಟರ್ ಫ್ಯಾನ್ ಚಾಲೂ ಮಾಡುವ ರಿಲೇ ಸತ್ತು ಎಷ್ಟು ದಿನವಾಗಿತ್ತೋ! ಅದನ್ನು ನೋಡದೆ ಗ್ಯಾಸ್ಕೆಟ್ ಮಾತ್ರ ಬದಲಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ.

ಹೆಡ್‌ನ ಲೋಹವಾದ ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಹೆಡ್ 100 ಡಿಗ್ರಿ ಕಾದರೆ ಒಂದು ಮಿಲಿಮೀಟರ್‌ಗೂ ತುಸು ಹೆಚ್ಚೇ ಬೆಳೆಯುತ್ತದೆ. ಕೆಳಗಿನ ಬ್ಲಾಕ್ ಕಬ್ಬಿಣದ್ದಾದರೆ ಅದು ಬೆಳೆಯುವುದು ಅದರ ಅರ್ಧ. ಈ ಎಳೆದಾಟವನ್ನೆಲ್ಲ ನಡುವೆ ಕೂತ ಗ್ಯಾಸ್ಕೆಟ್ ತಾಳಿಕೊಳ್ಳಬೇಕು. ಬ್ಲಾಕ್ ಕೂಡ ಅಲ್ಯೂಮಿನಿಯಂ ಆದರೆ ಉಜ್ಜಾಟ ತಗ್ಗುತ್ತದೆ ನಿಜ, ಆದರೆ ಬೋಲ್ಟ್‌ಗಳು ಉಕ್ಕಿನವೇ. ಓವರ್‌ಹೀಟ್ ಆದಾಗ ಹಿಗ್ಗಲು ಜಾಗ ಸಿಗದೆ ಹೆಡ್ ಮಧ್ಯದಲ್ಲಿ ಉಬ್ಬುತ್ತದೆ. 200 ಡಿಗ್ರಿ ದಾಟಿ ಕೆಲಹೊತ್ತು ನಿಂತರಂತೂ ಹದ ಕೊಟ್ಟ ಲೋಹ ಮೆತ್ತಗಾಗಿ ಬೋಲ್ಟ್ ಕೆಳಗೆ ಅಮುಕಿಕೊಳ್ಳುತ್ತದೆ, ತಣ್ಣಗಾದಾಗ ಬಿಗಿ ಕಳೆದಿರುತ್ತದೆ. ಯಂತ್ರದಲ್ಲಿ ಮೇಲ್ಮೈ ಕೆತ್ತುವ ಫೇಸಿಂಗ್ ಮಾಡಿಸಿದರೆ ಅದು ಸಮವಾಗುತ್ತದೆ, ಹೋದ ಗಟ್ಟಿತನ ವಾಪಸ್ ಬರುವುದಿಲ್ಲ. ಹಾಗಾಗಿ ಬಲವಾಗಿ ಕಾದ ಹೆಡ್‌ಗೆ ಹಾರ್ಡ್‌ನೆಸ್ ಪರೀಕ್ಷೆ ಮಾಡಿಸದೆ ನಾನು ಮುಂದುವರಿಯುವುದಿಲ್ಲ.

ಡ್ಯಾಶ್‌ಬೋರ್ಡ್‌ನ ತಾಪಮಾಪಕ ತೋರಿಸಿ "ಮುಳ್ಳು ಮೇಲೆ ಹೋಗಲೇ ಇಲ್ಲ ಸಾರ್" ಎಂದು ಚಾಲಕರು ಹೇಳಿದರೆ ಸುಳ್ಳು ಎಂದುಕೊಳ್ಳಬೇಡಿ. ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಮಟ್ಟ ಇಳಿದು ಅದರ ಸುತ್ತ ಗಾಳಿ ತುಂಬಿದರೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ತೆಪ್ಪಗಿರುತ್ತದೆ.

ಕೂಲಂಟ್ ಬದಲು ಬರೀ ನೀರು ಸುರಿಯುವ ಅಭ್ಯಾಸ ನಿಧಾನ ವಿಷ. ತುಕ್ಕು ತಡೆಯುವ ರಾಸಾಯನಿಕಗಳು ತೆಳುವಾಗುತ್ತ ಹೋದಂತೆ ನೀರಿನ ದಾರಿಯ ಅಂಚುಗಳನ್ನು ಅಲ್ಯೂಮಿನಿಯಂ ಕಳೆದುಕೊಳ್ಳುತ್ತದೆ. ಗ್ಯಾಸ್ಕೆಟ್ ಒತ್ತಿ ಕೂರಬೇಕಾದ ಜಾಗವೇ ಗುಳಿಬೀಳುತ್ತದೆ. ಕುದಿಯುವ ಮಿತಿಯೂ ಇಳಿಯುತ್ತದೆ. ಸಮಪಾಲು ಎಥಿಲೀನ್ ಗ್ಲೈಕಾಲ್ ಮಿಶ್ರಣ ಒಂದು ಬಾರ್ ಒತ್ತಡ ಹಿಡಿಯುವ ರೇಡಿಯೇಟರ್ ಕ್ಯಾಪ್ ಕೆಳಗೆ 130 ಡಿಗ್ರಿ ಸಮೀಪದವರೆಗೂ ಕುದಿಯದು, ಬರೀ ನೀರು 120ಕ್ಕೇ ಕುದಿಯುತ್ತದೆ. ಕ್ಯಾಪ್‌ನ ಸ್ಪ್ರಿಂಗ್ ಸೋತಿದ್ದರೆ ಅದಕ್ಕೂ ಮೊದಲೇ.

ಇಂಧನ ಅಡ್ಡಾದಿಡ್ಡಿ ಉರಿದಾಗ ಬರುವ ಎಂಜಿನ್ ನಾಕಿಂಗ್ ಸದ್ದನ್ನು ತಿಂಗಳುಗಟ್ಟಲೆ ಕಡೆಗಣಿಸಿದರೆ ಸಿಲಿಂಡರ್ ಸುತ್ತ ಗ್ಯಾಸ್ಕೆಟ್‌ನಲ್ಲಿರುವ ಲೋಹದ ಬಳೆ, ಅಂದರೆ ಫೈರ್ ರಿಂಗ್, ಬಿರಿಯುವುದೂ ಉಂಟು.

ಇನ್ನು ನಮ್ಮವರೇ ಮಾಡುವ ತಪ್ಪುಗಳು. ಹಳೆ ಗ್ಯಾಸ್ಕೆಟ್ ಕಲೆ ತೆಗೆಯಲು ಗ್ರೈಂಡರ್‌ಗೆ ಉಜ್ಜುವ ಡಿಸ್ಕ್ ಸಿಕ್ಕಿಸುತ್ತಾರೆ. ಕಲೆಯ ಜತೆ ಅಲ್ಯೂಮಿನಿಯಂ ಕೂಡ ಹೋಗಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ, ಪುಡಿ ಆಯಿಲ್‌ಗೆ ಸೇರಿ ಬೇರಿಂಗ್ ತಿನ್ನುತ್ತದೆ. ಪದರಪದರದ ಉಕ್ಕಿನ ಗ್ಯಾಸ್ಕೆಟ್ ಇಂಥ ಮೇಲ್ಮೈಯನ್ನು ಸುತರಾಂ ಕ್ಷಮಿಸದು. ಬಿಸಿಯಿದ್ದಾಗಲೇ ಹೆಡ್ ಬಿಚ್ಚಿದರೆ ಚೆನ್ನಾಗಿದ್ದದ್ದೂ ಬಾಗುತ್ತದೆ. ಒಮ್ಮೆ ಹಿಗ್ಗುವಂತೆ ಬಿಗಿಸುವ ಬೋಲ್ಟ್‌ಗಳನ್ನು ಮತ್ತೆ ಹಾಕಿದರೆ ಬೇಕಾದ ಬಿಗಿ ಸಿಗುವುದಿಲ್ಲ. ಬೋಲ್ಟ್ ತೂತಿನಲ್ಲಿ ಆಯಿಲ್ ನಿಂತಿದ್ದರೆ ಬಿಗಿ ಅಳೆಯುವ ಟಾರ್ಕ್ ರೆಂಚ್ ಸಾಕೆಂದು ಕಟ್ ಎನ್ನುತ್ತದೆ, ಹೆಡ್ ಮಾತ್ರ ಕೂತಿರುವುದಿಲ್ಲ.

ಆ ಕಾರಿನ ಹೆಡ್ ಪರೀಕ್ಷೆಯಲ್ಲಿ ಮೆತ್ತಗಾಗಿರುವುದು ಗೊತ್ತಾಯಿತು. ಬೇರೆ ಹೆಡ್, ಹೊಸ ಬೋಲ್ಟ್, ರಿಲೇ, ಕ್ಯಾಪ್ ಎಲ್ಲ ಹಾಕಿದೆವು. ಮಾಲೀಕರು ಬಿಚ್ಚಿಟ್ಟ ಗ್ಯಾಸ್ಕೆಟ್ ಎತ್ತಿ ತಿರುಗಿಸಿ ನೋಡಿ, "ಇದರಲ್ಲಿ ಏನು ಕೆಟ್ಟಿತ್ತು?" ಎಂದು ಕೇಳಿದರು. ಎರಡನೇ ಸಿಲಿಂಡರ್ ಪಕ್ಕ ಬೆರಳಗಲ ಕಪ್ಪು ಗೆರೆ ಬಿಟ್ಟರೆ ಅದು ಹೊಸದರಂತೆಯೇ ಇತ್ತು.