ಲಡ್ಲೋ: ಸಂತೆಗೆಂದು ಕಟ್ಟಿದ ಊರಲ್ಲಿ ಸಂತೆಯವರಿಗೆ ಮನೆ ಎಲ್ಲಿ?

ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ವೇಲ್ಸ್ ಗಡಿಗೆ ಹತ್ತಿರ, ಟೀಮ್ ಹೊಳೆ ಬಳಸಿ ಹರಿಯುವ ದಿಬ್ಬದ ಮೇಲೆ ಲಡ್ಲೋ ಇದೆ. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಇಷ್ಟು ಪುಟ್ಟ ಊರಲ್ಲಿ ಕಾನೂನಿನ ರಕ್ಷಣೆ ಪಡೆದ ಹಳೆಯ ಕಟ್ಟಡಗಳೇ 500ರ ಹತ್ತಿರ. ನೋಡಲು ಬಂದವರಿಗೆ ಇಲ್ಲೇ ಒಂದು ಮನೆ ಮಾಡೋಣ ಅನ್ನಿಸುತ್ತದೆ. ಹಾಗೆ ಅನ್ನಿಸಿ ದುಡ್ಡು ತಂದವರು ಹೆಚ್ಚಾದಂತೆ, ಇಲ್ಲಿಯೇ ಹುಟ್ಟಿ ಇಲ್ಲಿಯೇ ದುಡಿಯುವವರಿಗೆ ಮನೆ ಕೈಗೆಟುಕದಂತಾಗಿದೆ. ಊರಿನ ಚೆಲುವು, ಊರಿನ ಕಷ್ಟ ಎರಡಕ್ಕೂ ಬೇರು ಒಂದೇ. ಅದನ್ನು ಹುಡುಕುತ್ತಾ ಹೋದರೆ ಸಂತೆಗೇ ಬಂದು ನಿಲ್ಲುತ್ತೇವೆ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಸಂತೆ ನಡೆಸುವುದು ರಾಜ ಕೊಡುವ ಹಕ್ಕು. ಬ್ರಾಕ್ಟನ್ ಹೆಸರಿನಲ್ಲಿ ಉಳಿದಿರುವ 13ನೇ ಶತಮಾನದ ಕಾನೂನು ಗ್ರಂಥದ ಪ್ರಕಾರ, ಎರಡು ಸಂತೆಗಳ ನಡುವೆ ಆರೂ ಮುಕ್ಕಾಲಿಗೆ ತುಸು ಕಡಿಮೆ ಮೈಲಿ, ಅಂದರೆ ಸುಮಾರು 11 ಕಿ.ಮೀ. ಅಂತರ ಇರಬೇಕು. ಈ ಲೆಕ್ಕ ಬಂದದ್ದು ಕಾಲ್ನಡಿಗೆಯಿಂದ. ಒಬ್ಬ ಮನುಷ್ಯ ದಿನಕ್ಕೆ 20 ಮೈಲಿ ನಡೆಯಬಲ್ಲ. ಆ ದಿನವನ್ನು ಮೂರು ಪಾಲು ಮಾಡಿ, ಹೋಗಲು ಒಂದು, ಕೊಡು-ಕೊಳ್ಳಲು ಒಂದು, ಕತ್ತಲಾಗುವ ಮುಂಚೆ ಮನೆ ಸೇರಲು ಒಂದು. ಇಂಗ್ಲೆಂಡಿನ ಸಂತೆ ಊರುಗಳು ಒಂದಕ್ಕೊಂದು ಅಷ್ಟಷ್ಟು ದೂರದಲ್ಲಿರುವುದರ ಹಿಂದೆ ರೈತನ ಕಾಲಿನ ಅಳತೆಯಿದೆ.

ಲಡ್ಲೋ ಕೋಟೆಯನ್ನು 11ನೇ ಶತಮಾನದ ಕೊನೆಯಲ್ಲಿ ಡಿ ಲೇಸಿ ಮನೆತನ ಕಟ್ಟಿಸಲು ಶುರುಮಾಡಿತು. ಕೋಟೆ ಬಾಗಿಲಿನಿಂದ ಪೂರ್ವಕ್ಕೆ ಬುಲ್ ರಿಂಗ್ ಎಂಬ ಜಾಗದವರೆಗೂ ಅಗಲವಾದ ಒಂದೇ ಸಂತೆಬೀದಿ ಇತ್ತು. ಅದರ ನಡುವೆ ಅಂಗಡಿ ಹೂಡುತ್ತಿದ್ದವರು ಸಂಜೆಗೆ ಕಿತ್ತೊಯ್ಯುವ ಹಲಗೆಗಳನ್ನು ಬರುಬರುತ್ತಾ ಅಲ್ಲೇ ಬಿಟ್ಟರು, ಮೇಲೆ ಸೂರು ಹಾಕಿದರು, ಸೂರಿನ ಮೇಲೆ ಮಹಡಿ ಎತ್ತಿದರು. ಇವತ್ತು ಹಾರ್ಪ್ ಲೇನ್ ಎಂಬ ಕಿರಿದಾದ ಓಣಿಯಲ್ಲಿ ನಡೆಯುವವರು ನಿಜವಾಗಿ ಅಂದಿನ ಎರಡು ಅಂಗಡಿ ಸಾಲುಗಳ ನಡುವಿನ ಸಂದಿಯಲ್ಲಿ ನಡೆಯುತ್ತಿರುತ್ತಾರೆ. ನನಗೆ ಕೋಟೆಗಿಂತ ಈ ಓಣಿಯೇ ಹೆಚ್ಚು ಇಷ್ಟ.

ಉಣ್ಣೆ ಮತ್ತು ಬಟ್ಟೆ ವ್ಯಾಪಾರದ ಹಣ ಸೇಂಟ್ ಲಾರೆನ್ಸ್ ಚರ್ಚಿನ 41 ಮೀಟರ್ ಎತ್ತರದ ಗೋಪುರವಾಯಿತು. ವೇಲ್ಸ್ ಮತ್ತು ಗಡಿನಾಡನ್ನು ಆಳುವ ರಾಜಮಂಡಳಿ ಇಲ್ಲಿ ಕೂರುತ್ತಿತ್ತು. 1689ರಲ್ಲಿ ಅದು ರದ್ದಾಯಿತು. ಆಮೇಲೆ ಕೈಗವಸು ಹೊಲಿಯುವ ಕಸುಬು ಊರನ್ನು ಸಾಕಿತು. 1826ರಲ್ಲಿ ವಿದೇಶಿ ಕೈಗವಸುಗಳ ಮೇಲಿನ ನಿಷೇಧ ತೆರವಾಗಿದ್ದೇ ತಡ, ಅದೂ ಕುಸಿಯಿತು. 1852ರಲ್ಲಿ ರೈಲು ಬಂತು, ಆದರೆ ಅದರ ಬೆನ್ನಿಗೆ ದೊಡ್ಡ ಕಾರ್ಖಾನೆಗಳು ಬರಲಿಲ್ಲ. ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಊರಲ್ಲಿ ಓಡಾಡಲಿಲ್ಲ. ಲಡ್ಲೋ ಉಳಿದದ್ದು ಯಾರೋ ಕಾಪಾಡಿದ್ದರಿಂದಲ್ಲ, ಮೊದಲು ಉಳಿಸಿದ್ದು ಕೈಖಾಲಿತನ.

ಕಾನೂನು ಬಂದದ್ದು ಬಹಳ ತಡವಾಗಿ. 1947ರ ಯೋಜನಾ ಕಾಯ್ದೆಯ ನಂತರ ಹಳೆಯ ಕಟ್ಟಡಗಳು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರತೊಡಗಿದವು. ಪಟ್ಟಿಯಲ್ಲಿರುವ ಮನೆಯ ಮರದ ಕಿಟಕಿ ಲಡ್ಡಾಗಿದೆ ಎಂದುಕೊಳ್ಳಿ. ಅದನ್ನು ಕಿತ್ತು ಪ್ಲಾಸ್ಟಿಕ್ ಚೌಕಟ್ಟಿನ ಜೋಡಿ ಗಾಜು ಕೂರಿಸಲು ಅನುಮತಿ ಬೇಕು, ಅದು ಸುಲಭಕ್ಕೆ ಸಿಗದು. ಕೇಳದೆ ಬದಲಿಸಿದರೆ ಅಪರಾಧ. ಚಳಿಗಾಲದಲ್ಲಿ ಆ ಸಂದಿಯಿಂದ ನುಗ್ಗುವ ಗಾಳಿಯನ್ನು ಒಳಗಿದ್ದವರು ಸಹಿಸಬೇಕು. ಹಾಗೆಂದು ಕಾನೂನೇ ಬೇಡ ಎನ್ನಲಾರೆ. ಅದಿಲ್ಲದಿದ್ದರೆ ಸಂತೆಯಿಂದ ದಕ್ಷಿಣಕ್ಕೆ ಇಳಿಯುವ ಹಳೆಯ ಬೀದಿ ಬ್ರಾಡ್ ಸ್ಟ್ರೀಟ್ ಇಷ್ಟು ಹೊತ್ತಿಗೆ ಹೀಗೆ ಇರುತ್ತಿರಲಿಲ್ಲ.

ಸಂತೆ ಮಾತ್ರ ಈಗಲೂ ಗಟ್ಟಿಯಾಗಿದೆ. 1887ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಮಾರುಕಟ್ಟೆ ಭವನವನ್ನು 1986ರಲ್ಲಿ ಕೆಡವಿದರು. ಕೋಟೆಯ ಮುಂದೆ ಆಕಾಶದಡಿ ಮತ್ತೆ ಅಂಗಡಿಗಳು ಬಂದವು. 1995ರಲ್ಲಿ ಆಹಾರ ಮೇಳ ಶುರುವಾಯಿತು. 2000ದ ದಶಕದ ಆರಂಭದಲ್ಲಿ, ಒಳ್ಳೆಯ ಅಡುಗೆಗೆ ಕೊಡುವ ಮಿಶೆಲಿನ್ ನಕ್ಷತ್ರ ಪಡೆದ ಹೋಟೆಲುಗಳು ಈ ಪುಟ್ಟ ಊರಲ್ಲೇ ಮೂರು. ಅವುಗಳಲ್ಲಿ ಒಂದಾದ ಹೈಬಿಸ್ಕಸ್ 2007ರಲ್ಲಿ ಲಂಡನ್ನಿಗೆ ಹೋಯಿತು. ಒಳ್ಳೆಯ ಊಟದ ಊರು ಎಂಬ ಹೆಸರು ಮಾತ್ರ ಲಡ್ಲೋಗೇ ಉಳಿಯಿತು, ಅದರ ಜೊತೆಗೆ ಮನೆ ಕೊಳ್ಳುವವರೂ ಬರುತ್ತಲೇ ಇದ್ದರು.

ಬಂದವರಲ್ಲಿ ನಿವೃತ್ತರು ಬಹಳ. ಅವರಿಂದ ಅಂಗಡಿಗಳಿಗೆ ವ್ಯಾಪಾರವಿದೆ, ಚರ್ಚಿಗೆ ದೇಣಿಗೆಯಿದೆ. ಆದರೆ ವಯಸ್ಸಾದಂತೆ ಬ್ರಾಡ್ ಸ್ಟ್ರೀಟಿನ ಏರು ಕಾಲಿಗೆ ಭಾರವಾಗುತ್ತದೆ. ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆಗೆ ಹೆರಿಫರ್ಡ್ ಅಥವಾ ಶ್ರೂಸ್‌ಬರಿಗೆ, ಸುಮಾರು 40 ಕಿ.ಮೀ. ಹೋಗಬೇಕು. ಹೋಟೆಲಿನಲ್ಲಿ, ಅಂಗಡಿಯಲ್ಲಿ ದುಡಿಯುವ ಹುಡುಗ-ಹುಡುಗಿಯರ ಸಂಬಳಕ್ಕೂ ಹಳೇ ಊರಿನ ಮನೆಯ ಬೆಲೆಗೂ ತಾಳೆಯಿಲ್ಲ.

ಹೊಸ ಮನೆಗಳಿಗೆ ಜಾಗ ಸಿಗುತ್ತಿರುವುದು ಊರಿನ ಪೂರ್ವಕ್ಕೆ, ಎ49 ಬೈಪಾಸ್ ರಸ್ತೆಯ ಆಚೆ. ಹೊಲ ಹೋಗುತ್ತದೆ, ಊರಿನ ನೋಟ ಕೆಡುತ್ತದೆ ಎಂಬ ಅಳಲು ಸುಳ್ಳಲ್ಲ. ಆದರೂ ನಾನು ಕಟ್ಟಲಿ ಎನ್ನುವವರ ಕಡೆ. ಇವತ್ತು ಎಲ್ಲರೂ ಫೋಟೊ ತೆಗೆಯುವ ಬ್ರಾಡ್ ಸ್ಟ್ರೀಟ್ ಕೂಡ ಮಧ್ಯಯುಗದಲ್ಲಿ ಸಂತೆಯ ತೆಂಕಣ ಇಳಿಜಾರಿನಲ್ಲಿ ಹಗ್ಗ ಹಿಡಿದು ಅಳೆದು, ನಿವೇಶನಗಳಾಗಿ ಹಂಚಿದ ಹೊಸ ಬಡಾವಣೆಯೇ. ವ್ಯಾಪಾರಕ್ಕೆ, ಕಸುಬಿಗೆ ಬರುವವರು ಇಲ್ಲೇ ನೆಲೆಸಲಿ ಎಂದೇ ಅದನ್ನು ಹಾಕಿದ್ದರು.