ಚೈನೀಸ್ ಊಟಕ್ಕೆ ಬೋರ್ಡೋ ಒಯ್ಯೋಣವೋ, ರೀಸ್ಲಿಂಗ್ ಒಯ್ಯೋಣವೋ?

ಪ್ರಶ್ನೆ: ಅಪ್ಪ-ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆ ಮನೆಯ ಆರು ಜನ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿ, ದೊಡ್ಡ ಹೋಟೆಲೊಂದರ ಚೈನೀಸ್ ರೆಸ್ಟೋರೆಂಟಿನಲ್ಲಿ ಊಟ ಮಾಡುವವರಿದ್ದೇವೆ. ಜರ್ಮನಿಯಲ್ಲಿರುವ ಭಾವ ಎರಡು ಬಾಟಲಿ ತಂದುಕೊಟ್ಟಿದ್ದಾರೆ. ಒಂದು ಫ್ರಾನ್ಸಿನ ಬೋರ್ಡೋ ಕೆಂಪು ವೈನ್, ಇನ್ನೊಂದು ಜರ್ಮನಿಯ ಮೋಸೆಲ್ ನದಿ ಕಣಿವೆಯ ಬಿಳಿ ವೈನ್ ರೀಸ್ಲಿಂಗ್. ದುಬಾರಿಯದ್ದು ಬೋರ್ಡೋ, ಅದನ್ನೇ ಒಯ್ಯಿ ಅಂತ ಗೆಳೆಯರು ಹೇಳುತ್ತಾರೆ. ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ಯಾವುದನ್ನು ಒಯ್ಯಬೇಕು, ಯಾವುದರ ಜೊತೆ ಕುಡಿಯಬೇಕು?

ಉತ್ತರ: ರೀಸ್ಲಿಂಗ್ ಒಯ್ಯಿರಿ. ಬೋರ್ಡೋ ಮನೆಯಲ್ಲೇ ಇರಲಿ. ಖಾರ ಕಡಿಮೆ ಹಾಕಿ ಮಟನ್ ಚಾಪ್ಸ್ ಹುರಿದ ದಿನ ಅದನ್ನು ತೆಗೆದರೆ ಕೊಟ್ಟ ದುಡ್ಡಿಗೆ ನ್ಯಾಯ ಸಿಗುತ್ತದೆ.

ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ ಎಂಬ ಲೆಕ್ಕ ಚೈನೀಸ್ ಊಟದಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ತಟ್ಟೆಯ ರುಚಿ ನಿರ್ಧಾರವಾಗುವುದು ಸಾಸಿನಿಂದ. ಅದೇ ಕೋಳಿ ಶುಂಠಿ-ಈರುಳ್ಳಿ ಸೊಪ್ಪಿನಲ್ಲಿ ಬೆಂದರೆ ಒಂದು ವೈನ್ ಬೇಡುತ್ತದೆ, ಒಣಮೆಣಸಿನಕಾಯಿಯಲ್ಲಿ ಹುರಿದರೆ ಇನ್ನೊಂದು. ಜೊತೆಗೆ ಎಲ್ಲವೂ ಮೇಜಿನ ಮಧ್ಯದಲ್ಲಿದ್ದು ಎಲ್ಲರೂ ಎಲ್ಲದರಿಂದಲೂ ತಗೊಳ್ಳುತ್ತಾರೆ. ಹಾಗಾಗಿ ಒಂದು ತಟ್ಟೆಗೆ ಅದ್ಭುತವಾಗಿ ಹೊಂದುವ ಬಾಟಲಿಗಿಂತ ಯಾವ ತಟ್ಟೆಯ ಜೊತೆಗೂ ಜಗಳವಾಡದ ಬಾಟಲಿ ಮೇಲು.

ಬೋರ್ಡೋ ಜಗಳವಾಡುವುದು ಮೂರು ಕಡೆ. ಮೊದಲನೆಯದು ಖಾರ. ಮೆಣಸಿನಕಾಯಿಯ ಉರಿಯನ್ನೂ ಸುಡುವ ಬಿಸಿಯನ್ನೂ ನಾಲಿಗೆ ಗುರುತಿಸುವುದು ಒಂದೇ ಗ್ರಾಹಕದಿಂದ. ಸಾಮಾನ್ಯವಾಗಿ ಅದು ಸುಮಾರು 42 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಎಚ್ಚರವಾಗುತ್ತದೆ. ಆಲ್ಕೋಹಾಲ್ ತಗುಲಿದರೆ 34ರ ಆಸುಪಾಸಿಗೇ ಎದ್ದು ಕೂರುತ್ತದೆ. ನಮ್ಮ ಬಾಯೊಳಗಿನ ಬಿಸಿಯೇ ಅದಕ್ಕಿಂತ ಹೆಚ್ಚು. ಈಗಿನ ಬೋರ್ಡೋಗಳಲ್ಲಿ ಆಲ್ಕೋಹಾಲ್ ಶೇ 13.5ರಿಂದ 14.5 ಇರುತ್ತದೆ, ಮೋಸೆಲ್‌ನ ‘ಕ್ಯಾಬಿನೆಟ್’ ಎಂಬ ಹಗುರ ಬಗೆಯ ಸಿಹಿ ರೀಸ್ಲಿಂಗ್‌ನಲ್ಲಿ 8ರಿಂದ 9. ಖಾರದ ಮೇಲೆ ಮೊದಲನೆಯದನ್ನು ಕುಡಿದರೆ ಬಾಯಿ ಹತ್ತಿ ಉರಿಯುತ್ತದೆ.

ಎರಡನೆಯದು ಸೋಯಾ ಸಾಸ್, ಒಣ ಅಣಬೆ, ಹುದುಗಿಸಿದ ಬೀನ್ಸ್ ಕೊಡುವ ಆ ಗಾಢ ರಸರುಚಿ, ಅಂದರೆ ಉಮಾಮಿ. ಕೆಂಪು ವೈನಿನಲ್ಲಿ ದ್ರಾಕ್ಷಿ ಸಿಪ್ಪೆ-ಬೀಜದಿಂದ ಬರುವ ಟ್ಯಾನಿನ್ ಎಂಬ ಒಗರು ಇದೆಯಲ್ಲ, ಉಮಾಮಿ ಸೇರಿದಾಗ ಅದು ಇನ್ನಷ್ಟು ಕಹಿಯಾಗಿ ನಾಲಿಗೆ ಒಣಗಿಸುತ್ತದೆ. ಮೂರನೆಯದು ಸಿಹಿ. ಹಾಯ್‌ಸಿನ್ ಸಾಸ್, ಪ್ಲಮ್ ಸಾಸ್, ಸ್ವೀಟ್ ಅಂಡ್ ಸೋರ್, ಎಲ್ಲದರಲ್ಲೂ ಸಕ್ಕರೆ ಇದೆ. ಮೈಸೂರು ಪಾಕ್ ತಿಂದು ಕಾಫಿ ಕುಡಿದರೆ ಅದೇ ಡಿಕಾಕ್ಷನ್ ಕಹಿ ಅನ್ನಿಸುವ ಹಾಗೆ, ಸಿಹಿ ಸಾಸಿನ ಮುಂದೆ ಸಿಹಿಯಿಲ್ಲದ ವೈನ್ ಹುಳಿಯೂ ಕಹಿಯೂ ಆಗಿ ಸೊರಗುತ್ತದೆ. ವೈನಿನಲ್ಲೂ ಒಂದಿಷ್ಟು ಸಿಹಿ ಇದ್ದರೆ ಈ ತಕರಾರು ಬರುವುದಿಲ್ಲ.

ಸಿಹಿ ವೈನ್ ಅಂದಕೂಡಲೇ ನಮ್ಮ ಕಡೆಯವರು ಮೂಗು ಮುರಿಯುವುದಕ್ಕೆ ಕಾರಣವಿದೆ. ನಂದಿ ಬೆಟ್ಟದ ಸುತ್ತ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ, ಸಕ್ಕರೆ ಪಾಕದಂಥ ಅಗ್ಗದ ಪೋರ್ಟ್ ಮಾದರಿ ವೈನನ್ನೇ ಬಹಳ ಜನ ಮೊದಲು ಕುಡಿದಿರುತ್ತಾರೆ. ಮೋಸೆಲ್‌ನ ಸಿಹಿ ಬೇರೆ ತರಹದ್ದು. ಅದು ಉತ್ತರ ಅಕ್ಷಾಂಶ 50 ಡಿಗ್ರಿಯ ಆಸುಪಾಸಿನ ತಂಪು ಕಣಿವೆ. ನದಿಯ ಮೇಲಿನ ಕಡಿದಾದ ಸ್ಲೇಟ್ ಕಲ್ಲಿನ ಇಳಿಜಾರಿನಲ್ಲಿ ಹಣ್ಣು ನಿಧಾನಕ್ಕೆ ಮಾಗುವುದರಿಂದ ಹುಳಿ ಕಳೆದುಹೋಗುವುದಿಲ್ಲ. ಲೀಟರಿಗೆ 35ರಿಂದ 50 ಗ್ರಾಂ ಸಕ್ಕರೆ ಉಳಿದಿದ್ದರೂ ಆ ಹುಳಿಯಿಂದಾಗಿ ಬಾಯಿಗೆ ಅಂಟು ಅನ್ನಿಸುವುದಿಲ್ಲ, ನಿಂಬೆ-ಸೇಬಿನ ಹಾಗೆ ಚುರುಕಾಗಿರುತ್ತದೆ.

ಆದರೆ ನಿಮ್ಮ ಬಾಟಲಿ ಆ ಬಗೆಯದ್ದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಲೇಬಲ್ ಮೇಲೆ ‘ಟ್ರೋಕನ್’ ಎಂದಿದ್ದರೆ ಸಿಹಿ ಇಲ್ಲ. ‘ಫೈನ್‌ಹೆರ್ಬ್’ ಎಂದಿದ್ದರೆ ಅರೆಸಿಹಿ. ಟ್ರೋಕನ್ ಎಂದಿಲ್ಲದೆ ಬರೀ ‘ಕ್ಯಾಬಿನೆಟ್’ ಅಥವಾ ‘ಶ್ಪೇಟ್‌ಲೇಸ’ ಎಂದಿದ್ದರೆ ಬಹುತೇಕ ಸಿಹಿ. ಎರಡನೆಯದು ಹೆಚ್ಚು ಮಾಗಿದ ಹಣ್ಣಿನದ್ದು. ಜರ್ಮನ್ ಅಕ್ಷರ ಓದುವುದು ಕಷ್ಟವಾದರೆ ಆಲ್ಕೋಹಾಲ್ ಅಂಕಿ ನೋಡಿ: 7.5–9 ಇದ್ದರೆ ಸಿಹಿ, 10–11 ಇದ್ದರೆ ಅರೆಸಿಹಿ, 12 ಅಥವಾ ಮೇಲೆ ಇದ್ದರೆ ಸಿಹಿ ಇಲ್ಲದ್ದು. ಹಣ್ಣಿನ ಸಕ್ಕರೆ ಆಲ್ಕೋಹಾಲ್ ಆಗದೆ ಉಳಿದಷ್ಟೂ ಅಂಕಿ ಕೆಳಗಿರುತ್ತದೆ, ಅಷ್ಟೇ ಲೆಕ್ಕ. ಟ್ರೋಕನ್ ಬಂದಿದ್ದರೂ ಬೇಜಾರಿಲ್ಲ. ಡಿಮ್ ಸಮ್ (ಆವಿಯಲ್ಲಿ ಬೆಂದ ಪುಟ್ಟ ಕಡುಬುಗಳು), ಆವಿ ಮೀನಿಗೆ ಅದು ಚೆನ್ನಾಗಿಯೇ ಹೋಗುತ್ತದೆ, ಖಾರದ ತಟ್ಟೆಗೆ ಮಾತ್ರ ಬೇಡ. ಬಾಟಲಿಯ ತಳದಲ್ಲಿ ಗಾಜಿನ ಚೂರಿನಂಥ ಹರಳು ಕಂಡರೆ ಗಾಬರಿಯಾಗಬೇಡಿ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಲವಣ ತಂಪಿಗೆ ಹರಳುಗಟ್ಟಿದ್ದು, ಕೆಡುಕಿಲ್ಲ.

ತಟ್ಟೆಗಳ ಸರದಿ

ಆರ್ಡರ್ ಕೊಡುವಾಗಲೇ ‘ಎಲ್ಲ ಒಟ್ಟಿಗೆ ತರಬೇಡಿ, ಒಂದಾದ ಮೇಲೊಂದು ತನ್ನಿ’ ಎಂದು ಹೇಳಿ. ಹೇಳದಿದ್ದರೆ ಸೂಪಿನ ಹಿಂದೆಯೇ ನೂಡಲ್ಸ್ ಬಂದು ನಿಂತು, ಮೀನು ಆರಿಹೋಗುತ್ತದೆ.

ಡಿಮ್ ಸಮ್ ಬುಟ್ಟಿಯಲ್ಲಿ ಸಾಮಾನ್ಯವಾಗಿ 3 ಅಥವಾ 4 ತುಂಡು ಇರುತ್ತವೆ. ಆರು ಜನಕ್ಕೆ ಒಂದು ಬಗೆಗೆ ಎರಡು ಬುಟ್ಟಿ ಬೇಕಾಗುತ್ತದೆ. ಸೀಗಡಿ ತುಂಬಿದ ಹರ್ ಗಾವ್‌ನ ತೆಳು ಪಾರದರ್ಶಕ ಹೊದಿಕೆ ಆರಿದರೆ ಅಂಟಂಟಾಗಿ ಹರಿಯುತ್ತದೆ, ಬಂದ ಕೂಡಲೇ ತಿನ್ನಬೇಕು. ಇದರ ಜೊತೆ ಬುರುಗಿನ ವೈನ್ ಬಲು ಚೆಂದ. ಶಾಂಪೇನೇ ಆಗಬೇಕೆಂದಿಲ್ಲ, ಫ್ರಾನ್ಸಿನ ಆಲ್ಸಾಸ್ ಅಥವಾ ಲ್ವಾರ್‌ನ ಕ್ರೇಮಾಂ, ಸ್ಪೇನಿನ ಕಾವಾ ಸಾಕು, ಬೆಲೆಯೂ ಕಡಿಮೆ. ಒಂದು ಮೋಸದ ಜಾಗ ಮಾತ್ರ ನೆನಪಿರಲಿ: ಬುರುಗಿನ ವೈನ್ ಮೇಲೆ ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೆ ಅದು ‘ಬ್ರೂಟ್’ಗಿಂತ ಸಿಹಿ. ಬ್ರೂಟ್‌ನಲ್ಲಿ ಸಕ್ಕರೆ ಲೀಟರಿಗೆ 12 ಗ್ರಾಂ ಒಳಗೆ, ಎಕ್ಸ್‌ಟ್ರಾ ಡ್ರೈನಲ್ಲಿ 12ರಿಂದ 17.

ಹಾಟ್ ಅಂಡ್ ಸೋರ್ ಸೂಪ್ ಬಂದಾಗ ಗ್ಲಾಸನ್ನು ಪಕ್ಕಕ್ಕಿಡಿ. ವಿನೆಗರ್ ಮತ್ತು ಕುದಿಯುವ ಬಿಸಿಯ ಮುಂದೆ ಯಾವ ವೈನೂ ನಿಲ್ಲದು. ಆಗ ಮಲ್ಲಿಗೆ ಚಹಾ ಒಳ್ಳೆಯದು.

ಶುಂಠಿ, ಈರುಳ್ಳಿ ಸೊಪ್ಪು, ತಿಳಿ ಸೋಯಾ ಹಾಕಿ ಮೇಲೆ ಕಾದ ಎಣ್ಣೆ ಸುರಿದ ಆವಿ ಮೀನು ದಕ್ಷಿಣ ಚೀನಾದ ಕ್ಯಾಂಟನೀಸ್ ಅಡುಗೆಯ ನಿಜವಾದ ಪರೀಕ್ಷೆ. ಅಡಗಿಸಲು ದಪ್ಪ ಸಾಸ್ ಇಲ್ಲ. ಮೀನು ತಾಜಾ ಅಲ್ಲದಿದ್ದರೆ ತಕ್ಷಣ ಗೊತ್ತಾಗುತ್ತದೆ. ಇದಕ್ಕೆ ರೀಸ್ಲಿಂಗ್ ಬಿಟ್ಟರೆ ಆಸ್ಟ್ರಿಯಾದ ಬಿಳಿ ವೈನ್ ಗ್ರೂನರ್ ವೆಲ್ಟ್‌ಲೀನರ್. ವಾಖಾವ್ ಕಣಿವೆಯದ್ದಾದರೆ ಲೇಬಲ್ ಮೇಲೆ ‘ಫೆಡರ್‌ಶ್ಪೀಲ್’ ಇರುವುದನ್ನು ಕೇಳಿ. ಆಲ್ಕೋಹಾಲ್ 11.5–12.5ರ ನಡುವೆ ಇರುವ ಹಗುರ ವರ್ಗ ಅದು. ‘ಸ್ಮಾರಾಗ್ಡ್’ ಅದಕ್ಕಿಂತ ಭಾರದ್ದು.

ಚೀನಾದ ಸಿಚುವಾನ್ ಪ್ರಾಂತ್ಯದ ಖಾರದ ತಟ್ಟೆಗಳಿಗೆ ಬಂದಾಗ ಸ್ವಲ್ಪ ಎಚ್ಚರ. ನಮ್ಮ ಬೀದಿಯ ಗಾಡಿಗಳ ‘ಶೆಜ್ವಾನ್’ ಒಣಮೆಣಸಿನಕಾಯಿ-ಬೆಳ್ಳುಳ್ಳಿಯ ಭಾರತೀಯ ಸಾಸು. ಅಲ್ಲಿನ ಖಾರದ ಸೋಯಾ ಪನೀರಿನ ತಿನಿಸಾದ ನಿಜವಾದ ಮಾಪೊ ತೋಫುವಿನಲ್ಲಿ ಹುದುಗಿಸಿದ ಬೀನ್ಸ್-ಮೆಣಸಿನಕಾಯಿ ಹಿಂಡಿಯೂ ಸಿಚುವಾನ್ ಮೆಣಸೂ ಇರುತ್ತವೆ. ಈ ಮೆಣಸು ಕಾಳುಮೆಣಸಿನ ಜಾತಿಯಲ್ಲ, ನಮ್ಮ ಕರಾವಳಿಯವರು ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿಯ ಹತ್ತಿರದ ಬಂಧು. ತುಟಿ-ನಾಲಿಗೆಯನ್ನು ಜುಮ್ಮೆನ್ನಿಸಿ ಮರಗಟ್ಟಿಸುತ್ತದೆ. ಆ ಹೊತ್ತಿನಲ್ಲಿ ಯಾವ ವೈನಿನ ಸೂಕ್ಷ್ಮ ಪರಿಮಳವೂ ತಿಳಿಯದು. ಚೆನ್ನಾಗಿ ತಣಿದ ಕ್ಯಾಬಿನೆಟ್‌ನ ಸಿಹಿಗೆ ಮಾತ್ರ ಉರಿಯನ್ನು ಇಳಿಸುವ ಶಕ್ತಿ ಇದೆ. ನಿಮ್ಮ ಬಾಟಲಿಯಲ್ಲಿ ಕೊನೆಯ ಮೂರನೇ ಒಂದು ಭಾಗವನ್ನು ಇಲ್ಲಿಗೇ ಉಳಿಸಿಕೊಳ್ಳಿ.

ಪೀಕಿಂಗ್ ಡಕ್ ತಿನ್ನುವ ಮನಸ್ಸಿದ್ದರೆ ಟೇಬಲ್ ಕಾದಿರಿಸುವಾಗಲೇ ಹೇಳಿ. ಬಾತುಕೋಳಿಯನ್ನು ಗಾಳಿಗೆ ನೇತುಹಾಕಿ ಚರ್ಮ ಒಣಗಿಸಿದ ಮೇಲೆ ಸುಡಬೇಕಾದ್ದರಿಂದ ಹಲವೆಡೆ ಒಂದು ದಿನ ಮುಂಚೆ ತಿಳಿಸಬೇಕು. ಕೆಂಪು ವೈನ್ ಬೇಕೇ ಬೇಕು ಅನ್ನುವವರಿಗೆ ಅವಕಾಶ ಇಲ್ಲಿದೆ. ಬರ್ಗಂಡಿಯ ಪಿನೊ ನ್ವಾರ್, ಅಥವಾ ಬೋಜೊಲೆಯಲ್ಲಿ ಉತ್ತಮ ವೈನಿಗೆ ಹೆಸರಾದ ಹತ್ತು ‘ಕ್ರೂ’ ಹಳ್ಳಿಗಳ ಪೈಕಿ ಫ್ಲರಿ, ಮೊರ್ಗೋನ್ ಕೇಳಿ. ಎರಡರಲ್ಲೂ ಒಗರು ಕಡಿಮೆ, ಹುಳಿ ಹೆಚ್ಚು. ಬಾತಿನ ಕೊಬ್ಬಿಗೆ ಆ ಹುಳಿಯೇ ಬೇಕು.

ಚೈನೀಸ್ ಊಟಕ್ಕೆ ಆಲ್ಸಾಸ್‌ನ ಬಿಳಿ ವೈನ್ ಗೆವುರ್ಟ್ಸ್‌ಟ್ರಾಮಿನರ್ ಎಂದು ಎಲ್ಲರೂ ಶಿಫಾರಸು ಮಾಡುತ್ತಾರೆ. ಲಿಚಿ, ಗುಲಾಬಿಯ ಪರಿಮಳ ನಿಜಕ್ಕೂ ಮೋಹಕ. ಆದರೆ ಹುಳಿ ಕಡಿಮೆ, ಆಲ್ಕೋಹಾಲ್ ಅನೇಕ ಬಾರಿ 13.5ರ ಮೇಲೆ. ಮೊದಲ ಗ್ಲಾಸಿಗೆ ಸೊಗಸು, ಇಡೀ ಊಟಕ್ಕೆ ಭಾರ. ಗ್ಲಾಸ್ ಲೆಕ್ಕದಲ್ಲಿ ಸಿಕ್ಕರೆ ಶುಂಠಿ ಹೆಚ್ಚಿರುವ ತಟ್ಟೆಯ ಜೊತೆ ಒಂದು ತಗೊಳ್ಳಿ, ಬಾಟಲಿ ಬೇಡ.

ಸಸ್ಯಾಹಾರಿಗಳಿಗೆ

ಬರೀ ‘ವೆಜ್’ ಎಂದರೆ ಸಾಲದು, ಹೆಸರು ಹಿಡಿದು ಕೇಳಬೇಕು. ಸೊಪ್ಪಿನ ಪಲ್ಯಕ್ಕೆ ಆಯ್ಸ್ಟರ್ (ಸಮುದ್ರದ ಚಿಪ್ಪುಜೀವಿ) ಸಾಸ್ ಹಾಕುವ ರೂಢಿ ಇದೆ, ಬದಲಿಗೆ ಅಣಬೆ ಸಾಸ್ ಹಾಕಿಸಿ. ಸೂಪಿಗೆ ಚಿಕನ್ ಸ್ಟಾಕ್ ಹಾಕುತ್ತಾರೋ, ನೂಡಲ್ಸ್‌ನಲ್ಲಿ ಮೊಟ್ಟೆ ಇದೆಯೋ ಕೇಳಿ. ಎಕ್ಸ್‌ಒ ಸಾಸ್ ಎಂದರೆ ಒಣ ಸೀಗಡಿ, ಒಣ ಚಿಪ್ಪುಮಾಂಸ. ಮಾಪೊ ತೋಫುವಿಗೆ ಸಾಂಪ್ರದಾಯಿಕವಾಗಿ ಕೈಮಾ ಬೀಳುತ್ತದೆ, ಅದಿಲ್ಲದೆ ಮಾಡಿಕೊಡಲು ಹೇಳಬಹುದು. ಮದ್ಯ ಮುಟ್ಟದ ಹಿರಿಯರಿದ್ದರೆ ಇನ್ನೊಂದು ಮಾತು: ಅನೇಕ ಸಾಸುಗಳಿಗೆ ಶಾವ್‌ಶಿಂಗ್ ಎಂಬ ಅಕ್ಕಿ ಮದ್ಯ ಹಾಕುತ್ತಾರೆ. ಬೇಡವೆಂದರೆ ಆರ್ಡರ್ ಕೊಡುವಾಗಲೇ ತಿಳಿಸಿ.

ವೈನಿನಲ್ಲೂ ಈ ಪ್ರಶ್ನೆ ಇದೆ. ವೈನನ್ನು ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಅಥವಾ ಮೀನಿನ ಗಾಳಿಚೀಲದ ಅಂಟು ಬಳಸುತ್ತಾರೆ. ಮೊಟ್ಟೆ-ಹಾಲು ಉಳಿದಿದ್ದರೆ ಯುರೋಪಿನ ಲೇಬಲ್ ಮೇಲೆ ಹಾಕುವುದು 2012ರಿಂದ ಕಡ್ಡಾಯ. ಮೀನಿನ ಅಂಟಿಗೆ ಆ ಕಡ್ಡಾಯವಿಲ್ಲ. ಕಟ್ಟುನಿಟ್ಟಿನವರು ‘ವೀಗನ್’ ಎಂದು ನಮೂದಿಸಿದ್ದನ್ನೇ ಆರಿಸುವುದು ಸರಿ.

ಒಯ್ಯುವುದು, ತಣಿಸುವುದು, ಸುರಿಯುವುದು

ಮೊದಲು ರೆಸ್ಟೋರೆಂಟಿಗೆ ಫೋನ್ ಮಾಡಿ. ನಮ್ಮ ಬಾಟಲಿ ತರಬಹುದೇ, ಹೊರಗಿನ ಬಾಟಲಿ ತೆರೆದುಕೊಡಲು ಅವರು ಹಾಕುವ ಕಾರ್ಕೇಜ್ ಶುಲ್ಕ ಎಷ್ಟು ಎಂದು ಕೇಳಿ. ಲೈಸೆನ್ಸ್ ಕಾರಣಕ್ಕೆ ಒಪ್ಪದ ಜಾಗಗಳೂ ಇವೆ. ಹಾಗಾದರೆ ಅವರ ಪಟ್ಟಿಯಲ್ಲೇ ಮೋಸೆಲ್ ಕ್ಯಾಬಿನೆಟ್ ಹುಡುಕಿ. ಇಲ್ಲದಿದ್ದರೆ ಲ್ವಾರ್‌ನ ವೂವ್ರೆಯಲ್ಲಿ ‘ಡೆಮಿ-ಸೆಕ್’ ಎಂದಿರುವುದು ಅದೇ ಕೆಲಸ ಮಾಡುತ್ತದೆ.

ಒಪ್ಪಿದರೆ, ಹೊರಡುವ ಮುನ್ನ ಮೂರು ಗಂಟೆ ಬಾಟಲಿಯನ್ನು ಫ್ರಿಜ್‌ನಲ್ಲಿಡಿ. ಬೆಂಗಳೂರಿಗೆ ಸುಮಾರು 60 ಕಿ.ಮೀ. ದಾರಿ. ಡಿಕ್ಕಿಯಲ್ಲಿ ಹಾಕಬೇಡಿ, ಟವೆಲ್ ಸುತ್ತಿ ಐಸ್ ಪ್ಯಾಕ್ ಜೊತೆ ಸೀಟಿನ ಕೆಳಗಿಡಿ. ಬಿಸಿಲಿಗೆ ಬೆಂದ ವೈನಿನ ಕಾರ್ಕ್ ಮೇಲಕ್ಕೆದ್ದಿರುತ್ತದೆ, ಕೊರಳಿನಲ್ಲಿ ಅಂಟು ಸೋರಿರುತ್ತದೆ, ರುಚಿ ಬೆಂದ ಒಣದ್ರಾಕ್ಷಿಯದ್ದಾಗುತ್ತದೆ. ಒಮ್ಮೆ ಹಾಗಾದರೆ ಮತ್ತೆ ತಣಿಸಿ ಉಪಯೋಗವಿಲ್ಲ. ಮೇಜಿಗೆ ಬಂದ ಮೇಲೆ ಬಕೆಟ್ಟಿನಲ್ಲಿ ಬರೀ ಐಸ್ ತುಂಬಿದರೆ ಬಾಟಲಿಗೆ ಸರಿಯಾಗಿ ತಾಗುವುದಿಲ್ಲ. ಅರ್ಧ ಐಸ್, ಅರ್ಧ ನೀರು ಹಾಕಿಸಿ. 20 ನಿಮಿಷದಲ್ಲಿ ತಣಿಯುತ್ತದೆ. ರೀಸ್ಲಿಂಗ್‌ಗೆ 8–10 ಡಿಗ್ರಿ, ಬುರುಗಿನದಕ್ಕೆ 6–8, ಬೋಜೊಲೆಗೆ 13–14.

ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕೊಡಬೇಕು ಎಂಬ ಮಾತು ಯುರೋಪಿನ 16–18 ಡಿಗ್ರಿಯ ಕೋಣೆಯದ್ದು. ನಮ್ಮ ಬೇಸಿಗೆಯ ಮನೆಯೊಳಗೆ 30 ದಾಟಿರುತ್ತದೆ. ನಿಮ್ಮ ಬೋರ್ಡೋವನ್ನೂ ತೆಗೆಯುವ ಮುನ್ನ 40 ನಿಮಿಷ ಫ್ರಿಜ್‌ನಲ್ಲಿಡಿ, ಇಲ್ಲವಾದರೆ ಸ್ಪಿರಿಟ್ ವಾಸನೆಯೇ ಮುಂದಾಗುತ್ತದೆ.

750 ಮಿ.ಲೀ. ಬಾಟಲಿಯಿಂದ ಆರು ಜನಕ್ಕೆ ತಲಾ 125 ಮಿ.ಲೀ. ಎಲ್ಲರೂ ಕುಡಿಯುವವರಾದರೆ ಡಿಮ್ ಸಮ್ ಜೊತೆಗೆ ಬುರುಗಿನದೊಂದು ಬಾಟಲಿ ಅಲ್ಲೇ ತಗೊಂಡರೆ ಊಟ ಸರಾಗ. ಕರ್ನಾಟಕದಲ್ಲಿ 21 ತುಂಬದವರಿಗೆ ಸುರಿಯುವ ಹಾಗಿಲ್ಲ. ವೇಟರ್ ಮೊದಲು ನಿಮಗೆ ಒಂದು ಗುಟುಕು ಸುರಿದು ನಿಂತಾಗ ಕೇಳುತ್ತಿರುವುದು ‘ಇಷ್ಟವಾಯಿತೇ’ ಎಂದಲ್ಲ, ‘ಕೆಟ್ಟಿಲ್ಲ ತಾನೆ’ ಎಂದು. ಒದ್ದೆ ರಟ್ಟು ಅಥವಾ ಬೂಸ್ಟಿನ ವಾಸನೆ ಬಂದರೆ ಕಾರ್ಕ್ ದೋಷ. ಅಲ್ಲಿ ಕೊಂಡ ಬಾಟಲಿಯಾದರೆ ಸಂಕೋಚವಿಲ್ಲದೆ ಬದಲಿಸಲು ಹೇಳಿ. ಗ್ಲಾಸಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ, ಕುಡಿಯುವಷ್ಟರಲ್ಲಿ ಬೆಚ್ಚಗಾಗುತ್ತದೆ.

ವಾಪಸ್ ಬರುವಾಗ ಗಾಡಿ ಓಡಿಸುವವರು ಚಹಾದಲ್ಲೇ ಇರಲಿ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೋಹಾಲ್. ಬೋರ್ಡೋವನ್ನು ಆ ಮಟನ್ ಚಾಪ್ಸ್ ದಿನದವರೆಗೆ ಫ್ರಿಜ್‌ನ ಮೇಲೆ, ಅಡುಗೆಮನೆಯ ಶೆಲ್ಫಿನಲ್ಲಿ ಇಡಬೇಡಿ. ಬೀರುವಿನ ತಳದಲ್ಲಿ, ಕತ್ತಲಿರುವ ಕಡೆ, ಕಾರ್ಕ್ ಒಣಗದಂತೆ ಅಡ್ಡ ಮಲಗಿಸಿ. ಇನ್ನೊಂದು ಬೇಸಿಗೆ ದಾಟಿಸದೆ ಕುಡಿದುಬಿಡಿ.